ಹಳೆಯ ಡಿ.ವಿ.ಡಿ.ಯಿಂದ ವಿಡಿಯೊ ಕಡತ: ಧ್ವನಿ ತಾಳೆಯಾಗದಿದ್ದರೆ ಏನು ಮಾಡಬೇಕು?

ಇಸವಿ 2000ದ ನಂತರದ ಹತ್ತು-ಹನ್ನೆರಡು ವರ್ಷಗಳ ಅವಧಿಯಲ್ಲಿ ಕಾರ್ಖಾನೆಯ ಉದ್ಘಾಟನೆ, ವಾರ್ಷಿಕ ಮಹಾಸಭೆ, ವಿತರಕರ ಸಮಾವೇಶ, ಹೊಸ ಯಂತ್ರದ ಜೋಡಣೆ ಮುಂತಾದ ಸಂದರ್ಭಗಳನ್ನು ಚಿತ್ರೀಕರಿಸಿ ಡಿ.ವಿ.ಡಿ.ಗಳಲ್ಲಿ ಇಟ್ಟುಕೊಳ್ಳುವುದು ಸಣ್ಣ ಉದ್ಯಮಗಳಲ್ಲಿಯೂ ರೂಢಿಯಾಗಿತ್ತು. ಸ್ಟುಡಿಯೊದವರು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಕೊಟ್ಟ ಆ ಡಿಸ್ಕುಗಳು ಇಂದಿಗೂ ಅನೇಕ ಕಚೇರಿಗಳ ಬೀರುವಿನಲ್ಲಿ ಹಳೆಯ ಲೆಕ್ಕಪುಸ್ತಕಗಳ ಪಕ್ಕದಲ್ಲಿವೆ. ಆದರೆ ಅವುಗಳನ್ನು ಓದುವ ಡ್ರೈವ್ ಇಂದಿನ ಬಹುತೇಕ ಲ್ಯಾಪ್‌ಟಾಪುಗಳಲ್ಲಿ ಇಲ್ಲ. ಸ್ಟುಡಿಯೊಗಳಲ್ಲಿ ಬರೆಯಲಾದ ಡಿಸ್ಕುಗಳಲ್ಲಿ ಮಾಹಿತಿಯನ್ನು ಹಿಡಿದಿಡುವುದು ಸಾವಯವ ಬಣ್ಣದ ತೆಳುವಾದ ಪದರ. ಶಾಖ, ತೇವ ಮತ್ತು ಬಿಸಿಲಿಗೆ ಅದು ಕ್ರಮೇಣ ಹಾಳಾಗುತ್ತದೆ. ಆದ್ದರಿಂದ ಇವುಗಳನ್ನು ಎಂ.ಪಿ.4 ಮಾದರಿಯ ಕಡತಗಳಾಗಿ ಪರಿವರ್ತಿಸಿಕೊಳ್ಳಲು ಉದ್ಯಮಿಗಳು ಮುಂದಾಗುತ್ತಿರುವುದು ಸಮಯೋಚಿತವೇ ಆಗಿದೆ.

ತೊಂದರೆ ಪ್ರಾರಂಭವಾಗುವುದು ಪರಿವರ್ತನೆಯ ನಂತರ. ದೃಶ್ಯ ಚೆನ್ನಾಗಿಯೇ ಇರುತ್ತದೆ. ತುಟಿಯ ಚಲನೆಗೂ ಮಾತಿಗೂ ಹೊಂದಿಕೆ ಇರುವುದಿಲ್ಲ. ಕೆಲವೊಮ್ಮೆ ಧ್ವನಿ ತೀರಾ ಕ್ಷೀಣವಾಗಿರುತ್ತದೆ, ಮೊಬೈಲಿನಲ್ಲಿ ಧ್ವನಿಯೇ ಬಾರದಿರುವುದೂ ಉಂಟು. ಬೆಳಗಾವಿಯಂಥ ಊರಿನ ಫೌಂಡ್ರಿಯೊಂದರಲ್ಲಿ ಹಿರಿಯ ಕುಶಲಕರ್ಮಿಯೊಬ್ಬರು ಅಚ್ಚು ಕಟ್ಟುವ ಕ್ರಮವನ್ನು ಬಾಯಿಮಾತಿನಲ್ಲಿ ವಿವರಿಸಿದ ತರಬೇತಿ ಚಿತ್ರ ಇದೆ ಎಂದಿಟ್ಟುಕೊಂಡರೆ, ಅದರ ಬೆಲೆ ಇರುವುದು ಮಾತಿನಲ್ಲಿ. ಆ ಮಾತು ಕೈಯ ಕೆಲಸಕ್ಕಿಂತ ನಾಲ್ಕು ಸೆಕೆಂಡು ತಡವಾಗಿ ಕೇಳಿಬಂದರೆ ಹೊಸ ಕೆಲಸಗಾರನು ತಪ್ಪು ಪಾಠವನ್ನೇ ಕಲಿಯುತ್ತಾನೆ.

ಎರಡು ಖಾತೆಗಳ ತಾಳೆ

ಡಿ.ವಿ.ಡಿ.ಯಲ್ಲಿ ದೃಶ್ಯ ಮತ್ತು ಧ್ವನಿಗಳು ಪ್ರತ್ಯೇಕ ಪ್ರವಾಹಗಳಾಗಿ ಇರುತ್ತವೆ. ಭಾರತದಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯಲ್ಲಿ ದೃಶ್ಯವು ಸೆಕೆಂಡಿಗೆ 25 ಫ್ರೇಮುಗಳು. ಧ್ವನಿಯು ಸಾಮಾನ್ಯವಾಗಿ ಸೆಕೆಂಡಿಗೆ 48,000 ಮಾದರಿಗಳು. ಇವೆರಡನ್ನೂ ಒಟ್ಟಿಗೆ ನಡೆಸುವುದು, ಸೆಕೆಂಡನ್ನು 90,000 ಭಾಗಗಳಾಗಿ ಎಣಿಸುವ ಗಡಿಯಾರವೊಂದರ ಪ್ರಕಾರ ನಮೂದಾದ ಕಾಲಮುದ್ರೆಗಳು. ನಗದು ಪುಸ್ತಕ ಮತ್ತು ಬ್ಯಾಂಕ್ ಪುಸ್ತಕಗಳನ್ನು ದಿನಾಂಕದ ಆಧಾರದ ಮೇಲೆ ತಾಳೆ ನೋಡುವಂತೆಯೇ ಇದು. ಪರಿವರ್ತನೆಯ ವೇಳೆ ಈ ಕಾಲಮುದ್ರೆಗಳು ಕಳೆದುಹೋದರೆ ಅಥವಾ ತಪ್ಪಾಗಿ ಓದಲ್ಪಟ್ಟರೆ ಎರಡು ಖಾತೆಗಳು ಬೇರೆ ಬೇರೆ ದಾರಿ ಹಿಡಿಯುತ್ತವೆ.

ಲೆಕ್ಕಪರಿಶೋಧನೆಯಲ್ಲಿ ಮೊದಲು ಮೂಲ ರಸೀದಿಯನ್ನು ನೋಡಬೇಕಾದಂತೆ, ಇಲ್ಲಿಯೂ ಮೊದಲು ಮೂಲ ಡಿಸ್ಕನ್ನೇ ಹಾಕಿ ನೋಡತಕ್ಕದ್ದು. ಆ ಕಾಲದ ಎಷ್ಟೋ ಡಿಸ್ಕುಗಳು ವಿ.ಎಚ್.ಎಸ್. ಟೇಪುಗಳಿಂದ ನಕಲಾದವು, ದೋಷವು ಡಿಸ್ಕಿನಲ್ಲಿಯೇ ಇದ್ದರೆ ಪರಿವರ್ತಿಸಿದವರನ್ನು ದೂರಿ ಫಲವಿಲ್ಲ.

ವ್ಯತ್ಯಾಸ ಸ್ಥಿರವೋ, ಬೆಳೆಯುವುದೋ?

ಮೂಲ ಸರಿಯಿದ್ದು ಕಡತ ಮಾತ್ರ ತಪ್ಪಾಗಿದ್ದರೆ, ಏನನ್ನೂ ತಿದ್ದುವ ಮೊದಲು ವ್ಯತ್ಯಾಸದ ಸ್ವರೂಪವನ್ನು ಗುರುತಿಸುವುದು ಅತ್ಯವಶ್ಯಕ. ಹೆಚ್ಚಿನವರು ಎಡವುವುದು ಇಲ್ಲಿಯೇ. ಕಡತದ ಆರಂಭ, ಮಧ್ಯ ಮತ್ತು ಅಂತ್ಯ, ಈ ಮೂರು ಕಡೆಗಳಲ್ಲಿ ಪರೀಕ್ಷೆ ನಡೆಯಬೇಕು. ಅದಕ್ಕೆ ಬೇಕಾದದ್ದು ಕಣ್ಣಿಗೂ ಕಿವಿಗೂ ಒಂದೇ ಕ್ಷಣದಲ್ಲಿ ತಾಗುವ ಘಟನೆ. ಚಪ್ಪಾಳೆ ಅಥವಾ ಸುತ್ತಿಗೆಯ ಪೆಟ್ಟು ಸಾಕು. ಉದ್ಘಾಟನೆಯ ಚಿತ್ರವಾದರೆ ತೆಂಗಿನಕಾಯಿ ಒಡೆಯುವ ದೃಶ್ಯಕ್ಕಿಂತ ಉತ್ತಮವಾದ ಗುರುತು ಇನ್ನೊಂದಿಲ್ಲ. ಭಾಷಣಗಳಲ್ಲಿ ತುಟಿಗಳು ಕೂಡುವ ಪ, ಬ, ಮ ಅಕ್ಷರಗಳನ್ನು ಗಮನಿಸಬಹುದು.

ಪಾಲ್ ಚಿತ್ರದ ಒಂದು ಫ್ರೇಮಿನ ಅವಧಿ 40 ಮಿಲಿಸೆಕೆಂಡು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನ ಪ್ರಕಾರ, ಧ್ವನಿಯು ದೃಶ್ಯಕ್ಕಿಂತ ಸುಮಾರು 45 ಮಿಲಿಸೆಕೆಂಡು ಮುಂದಾದರೆ ನೋಡುಗರಿಗೆ ತಿಳಿಯುತ್ತದೆ. ಹಿಂದಾದರೆ ಸುಮಾರು 125 ಮಿಲಿಸೆಕೆಂಡಿನವರೆಗೆ ತಿಳಿಯುವುದಿಲ್ಲ. ದೂರದಲ್ಲಿ ಬಟ್ಟೆ ಒಗೆಯುವವರ ಪೆಟ್ಟು ಕಣ್ಣಿಗೆ ಕಂಡ ಮೇಲೆ ಕಿವಿಗೆ ಕೇಳುವುದು ಎಲ್ಲರಿಗೂ ಅಭ್ಯಾಸವಾದ ಸಂಗತಿ. ಧ್ವನಿ ಮುಂದಾಗುವುದು ಪ್ರಕೃತಿಯಲ್ಲಿ ಇಲ್ಲದ ಕಾರಣ ಅದು ಬೇಗ ಕಿರಿಕಿರಿ ಮಾಡುತ್ತದೆ.

ಮೂರು ಕಡೆಯೂ ವ್ಯತ್ಯಾಸ ಒಂದೇ ಆಗಿದ್ದರೆ ಅದು ಆರಂಭಿಕ ಶಿಲ್ಕಿನ ತಪ್ಪು. ದೃಶ್ಯ ಮತ್ತು ಧ್ವನಿಗಳನ್ನು ಬೇರೆ ಬೇರೆ ಕಡತಗಳಾಗಿ ತೆಗೆದು ಮತ್ತೆ ಜೋಡಿಸಿದಾಗ ಇಂಥ ದೋಷ ಬರುವುದು ಹೆಚ್ಚು. ಇದರ ಪ್ರಮಾಣವನ್ನು ತಿಳಿಯಲು ಉಚಿತವಾಗಿ ದೊರೆಯುವ ವಿ.ಎಲ್.ಸಿ. ತಂತ್ರಾಂಶವೇ ಸಾಕು. ಕಂಪ್ಯೂಟರಿನಲ್ಲಿ ಚಿತ್ರ ನಡೆಯುತ್ತಿರುವಾಗ ಕೆ ಕೀಲಿಯನ್ನು ಒಮ್ಮೆ ಒತ್ತಿದರೆ ಧ್ವನಿ 50 ಮಿಲಿಸೆಕೆಂಡು ತಡವಾಗುತ್ತದೆ, ಜೆ ಒತ್ತಿದರೆ ಅಷ್ಟೇ ಮುಂದಾಗುತ್ತದೆ. ಕಾಯಿ ಒಡೆಯುವ ಸದ್ದು ಸರಿಹೊಂದುವವರೆಗೆ ಎಷ್ಟು ಬಾರಿ ಒತ್ತಬೇಕಾಯಿತೆಂದು ಎಣಿಸಿದರೆ ವ್ಯತ್ಯಾಸದ ಮೊತ್ತ ದೊರೆಯಿತು. ಹೀಗೆ ಮಾಡಿದ ಬದಲಾವಣೆ ಆ ಪ್ರದರ್ಶನಕ್ಕೆ ಮಾತ್ರ ಸೀಮಿತ, ಕಡತದಲ್ಲಿ ದಾಖಲಾಗುವುದಿಲ್ಲ ಎಂಬುದನ್ನು ಮರೆಯುವಂತಿಲ್ಲ. ದೊರೆತ ಅಂಕಿಯನ್ನು ಎಫ್‌ಎಫ್‌ಎಂಪೆಗ್‌ನಂಥ ತಂತ್ರಾಂಶಕ್ಕೆ ನೀಡಿ, ದೃಶ್ಯವನ್ನು ಮುಟ್ಟದೆ ಧ್ವನಿಯನ್ನು ಮಾತ್ರ ಸರಿಸಿ ಹೊಸ ಕಡತ ಮಾಡಿಸಬೇಕು.

ಆರಂಭದಲ್ಲಿ ಸರಿಯಿದ್ದು ಮುಂದೆ ಹೋದಂತೆಲ್ಲ ಬೆಳೆಯುವ ವ್ಯತ್ಯಾಸವು ಬಡ್ಡಿಯ ಸ್ವಭಾವದ್ದು. ಇಲ್ಲಿ ತಪ್ಪಿರುವುದು ಶಿಲ್ಕಲ್ಲ, ದರ. ಅಮೆರಿಕ ಅಥವಾ ಜಪಾನಿನಿಂದ ಆಮದಾದ ಯಂತ್ರದೊಂದಿಗೆ ಬಂದ ತರಬೇತಿ ಡಿಸ್ಕಿನಲ್ಲಿ ಸೆಕೆಂಡಿಗೆ 29.97 ಫ್ರೇಮುಗಳಿರುತ್ತವೆ. ಅದನ್ನು 30 ಎಂದು ಭಾವಿಸಿ ಪರಿವರ್ತಿಸಿದರೆ ಅಂತರ ಸಾವಿರಕ್ಕೆ ಒಂದು ಮಾತ್ರ. ಅಷ್ಟಕ್ಕೇ ಒಂದು ಗಂಟೆಯ ಕೊನೆಯಲ್ಲಿ ಧ್ವನಿಯು ದೃಶ್ಯಕ್ಕಿಂತ ಸುಮಾರು 3.6 ಸೆಕೆಂಡು ಹಿಂದೆ ಬೀಳುತ್ತದೆ. ವಿ.ಸಿ.ಡಿ.ಗಳ ವಿಷಯದಲ್ಲಿ ಇನ್ನೂ ದೊಡ್ಡ ತಪ್ಪು ಸಾಧ್ಯ. ಅವುಗಳ ಧ್ವನಿ ಸೆಕೆಂಡಿಗೆ 44,100 ಮಾದರಿಗಳದ್ದು. ಅದನ್ನು 48,000 ಎಂದು ಓದಿದರೆ ಒಂದು ಗಂಟೆಯ ಭಾಷಣ ಐವತ್ತೈದು ನಿಮಿಷಕ್ಕೆ ಮುಗಿದು, ಅಧ್ಯಕ್ಷರ ಗಂಭೀರ ಕಂಠವು ಬಾಲಕನ ಕಂಠದಂತೆ ಕೇಳಿಸುತ್ತದೆ.

ಇಂಥ ದೋಷವಿರುವ ಕಡತದ ಧ್ವನಿಯನ್ನು ಮುಂದಕ್ಕೋ ಹಿಂದಕ್ಕೋ ಸರಿಸಿ ಕೂರುವುದು ವ್ಯರ್ಥ ಶ್ರಮ. ಒಂದು ಕಡೆ ಸರಿಯಾದರೆ ಇನ್ನೊಂದು ಕಡೆ ಕೆಡುತ್ತದೆ. ಡಿಸ್ಕಿನಿಂದಲೇ ಮತ್ತೆ ಪರಿವರ್ತಿಸುವುದು ಸರಿಯಾದ ಕ್ರಮ. ಉಚಿತ ತಂತ್ರಾಂಶವಾದ ಹ್ಯಾಂಡ್‌ಬ್ರೇಕ್‌ನಲ್ಲಿ ಫ್ರೇಮ್ ದರವನ್ನು ಮೂಲದಂತೆಯೇ ಉಳಿಸಿ, ಅದು ಸ್ಥಿರವಾಗಿರಬೇಕೆಂಬ ಆಯ್ಕೆಯನ್ನು ಗುರುತಿಸಬೇಕು. ಬದಲಾಗುವ ಫ್ರೇಮ್ ದರದ ಕಡತವು ಪ್ರದರ್ಶನದಲ್ಲಿ ಸರಿಯಾಗಿಯೇ ಕಂಡರೂ, ಮುಂದೆ ಸಂಕಲನ ತಂತ್ರಾಂಶಕ್ಕೆ ಹಾಕಿದಾಗ ಧ್ವನಿ ಜಾರುವ ಸಂಭವ ಹೆಚ್ಚು. ಡಿಸ್ಕ್ ಕೈತಪ್ಪಿ ಹೋಗಿದ್ದರೆ ಮಾತ್ರ, ಮೊದಲ ಮತ್ತು ಕೊನೆಯ ಗುರುತುಗಳ ನಡುವಿನ ಅಂತರವನ್ನು ದೃಶ್ಯದಲ್ಲಿಯೂ ಧ್ವನಿಯಲ್ಲಿಯೂ ಅಳೆದು, ಆ ಅನುಪಾತದಲ್ಲಿ ಧ್ವನಿಯನ್ನು ಹಿಗ್ಗಿಸುವ ಅಥವಾ ಕುಗ್ಗಿಸುವ ದಾರಿ ಉಳಿಯುತ್ತದೆ.

ಮೂರನೆಯ ಬಗೆಯಲ್ಲಿ, ಇಪ್ಪತ್ತು ನಿಮಿಷ ಸರಿಯಾಗಿದ್ದ ಧ್ವನಿ ಒಂದು ಬಿಂದುವಿನಲ್ಲಿ ಥಟ್ಟನೆ ತಪ್ಪುತ್ತದೆ. ಡಿಸ್ಕಿನ ಗೀರಿನಿಂದಾಗಿ ಕೆಲವು ಫ್ರೇಮುಗಳೋ ಧ್ವನಿಯ ತುಣುಕುಗಳೋ ಓದಲಾಗದೆ ಬಿಟ್ಟುಹೋದಾಗ ಹೀಗಾಗುತ್ತದೆ. ಇನ್ನೊಂದು ಕಾರಣ ಕೆಲಸದ ಅಜಾಗರೂಕತೆ. ಡಿ.ವಿ.ಡಿ.ಯಲ್ಲಿ ಚಿತ್ರವು ಸುಮಾರು ಒಂದೊಂದು ಗಿಗಾಬೈಟಿನ ವಿ.ಒ.ಬಿ. ಕಡತಗಳಾಗಿ ತುಂಡಾಗಿರುತ್ತದೆ. ಇವು ಸ್ವತಂತ್ರ ಚಿತ್ರಗಳಲ್ಲ, ಒಂದೇ ಪ್ರವಾಹದ ತುಂಡುಗಳು. ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಪರಿವರ್ತಿಸಿ ಅಂಟಿಸಿದರೆ ಪ್ರತಿ ಜೋಡಣೆಯಲ್ಲಿ ಸ್ವಲ್ಪ ಸ್ವಲ್ಪ ತಪ್ಪು ಸೇರಿಕೊಳ್ಳಬಹುದು. ಇಡೀ ವಿಡಿಯೊ_ಟಿಎಸ್ ಕಡತಕೋಶವನ್ನು ಒಟ್ಟಾಗಿ ತಂತ್ರಾಂಶಕ್ಕೆ ಕೊಡುವುದೇ ಕ್ರಮ. ಗೀರಿನ ಡಿಸ್ಕನ್ನು ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಬೇರೊಂದು ಡ್ರೈವಿನಲ್ಲಿ ನಿಧಾನ ವೇಗದಲ್ಲಿ ಓದಿಸಿ ನೋಡಬೇಕು. ವೃತ್ತಾಕಾರವಾಗಿ ಒರೆಸಿದರೆ ಹೊಸ ಗೀರುಗಳು ಮಾಹಿತಿಯ ಸಾಲಿನ ಉದ್ದಕ್ಕೂ ಬಿದ್ದು ಹೆಚ್ಚು ಹಾನಿಯಾಗುತ್ತದೆ.

ಕ್ಷೀಣ ಧ್ವನಿ, ಮೌನ ಧ್ವನಿ

ಮೊಬೈಲಿನಲ್ಲಿ ಧ್ವನಿ ಬಾರದಿರುವುದಕ್ಕೆ ಸಾಮಾನ್ಯ ಕಾರಣ, ಡಿಸ್ಕಿನ ಎ.ಸಿ.3 ಧ್ವನಿಯನ್ನು ಹಾಗೆಯೇ ಉಳಿಸಿರುವುದು. ಕಂಪ್ಯೂಟರಿನಲ್ಲಿ ಅದು ಕೇಳಿಸುತ್ತದೆ, ಎಲ್ಲ ಮೊಬೈಲುಗಳಲ್ಲಿ ಕೇಳಿಸದು. ಧ್ವನಿಯನ್ನು ಮಾತ್ರ ಎ.ಎ.ಸಿ. ಮಾದರಿಗೆ ಬದಲಾಯಿಸಿದರೆ ಸಾಕು.

ವಿಚಿತ್ರವೆನಿಸುವ ಇನ್ನೊಂದು ಪ್ರಕರಣವಿದೆ. ಇಯರ್‌ಫೋನಿನಲ್ಲಿ ಮಾತು ಕೇಳಿಸುತ್ತದೆ, ಒಂದೇ ಸ್ಪೀಕರಿನ ಮೊಬೈಲಿನಲ್ಲಿ ಮಾತು ಮಾಯವಾಗುತ್ತದೆ. ಚಿತ್ರೀಕರಣದ ದಿನ ಮೈಕಿನ ತಂತಿಗಳು ಅದಲುಬದಲಾಗಿ, ಎಡ ಮತ್ತು ಬಲ ವಾಹಿನಿಗಳಲ್ಲಿ ಒಂದೇ ಧ್ವನಿಯು ಪರಸ್ಪರ ವಿರುದ್ಧವಾಗಿ ದಾಖಲಾಗಿದ್ದರೆ, ಎರಡೂ ಕೂಡಿದಾಗ ಜಮೆ-ಖರ್ಚು ಸಮನಾದಂತೆ ಶೂನ್ಯವಾಗುತ್ತದೆ. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಒಂದು ವಾಹಿನಿಯನ್ನು ತಿರುವುಮುರುವು ಮಾಡಿದರೆ ಮಾತು ಮರಳುತ್ತದೆ. ಮೈಕು ಒಂದೇ ವಾಹಿನಿಗೆ ದಾಖಲಾಗಿದ್ದರೆ ಆ ವಾಹಿನಿಯನ್ನೇ ಎರಡೂ ಕಡೆಗೆ ಹಂಚಬೇಕು. ಬರೀ ಕ್ಷೀಣವಾದ ಧ್ವನಿಯನ್ನು ಏರಿಸಬಹುದಾದರೂ ಮಿತಿಮೀರಿದರೆ ಒಡಕು ಸೇರುತ್ತದೆ. ಪಂಖದ ಸದ್ದೂ ಅದರೊಂದಿಗೇ ಏರುತ್ತದೆ.

ಅಳಿಸಿ ಬರೆಯುವಂತಿಲ್ಲ

ಲೆಕ್ಕಪುಸ್ತಕದಲ್ಲಿ ತಪ್ಪಾದಾಗ ಹಳೆಯ ನಮೂದನ್ನು ಅಳಿಸದೆ ತಿದ್ದುಪಡಿ ನಮೂದನ್ನು ಬರೆಯುವುದು ಪದ್ಧತಿ. ಧ್ವನಿಯ ದುರಸ್ತಿಗೂ ಇದೇ ನಿಯಮ ಅನ್ವಯಿಸಬೇಕು. ಮಹಾಸಭೆಯ ಚರ್ಚೆ, ಪಾಲುದಾರರ ಒಪ್ಪಂದದ ಮಾತುಕತೆ, ಯಂತ್ರದ ಪರೀಕ್ಷಾರ್ಥ ಚಾಲನೆ ಇವುಗಳ ಚಿತ್ರಗಳು ಮುಂದೊಂದು ದಿನ ವಿವಾದದಲ್ಲಿ ಸಾಕ್ಷ್ಯವಾಗಬಹುದು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಂದಿನ ಸಾಕ್ಷ್ಯ ಅಧಿನಿಯಮದ 65ಬಿ ಪ್ರಕರಣವನ್ನು ವಿವರಿಸುತ್ತ, ಮೂಲವನ್ನು ಹಾಜರುಪಡಿಸದೆ ಅದರ ವಿದ್ಯುನ್ಮಾನ ನಕಲನ್ನು ಹಾಜರುಪಡಿಸುವಾಗ ಪ್ರಮಾಣಪತ್ರ ಕಡ್ಡಾಯವೆಂದು ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೆಯ ಪ್ರಕರಣದಲ್ಲಿಯೂ ಪ್ರಮಾಣಪತ್ರವಿದ್ದು, ಅದರ ನಮೂನೆಯಲ್ಲಿ ಕಡತದ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕಾಗಿದೆ. ಧ್ವನಿಯನ್ನು ಕೂದಲೆಳೆಯಷ್ಟು ಸರಿಸಿದರೂ ಈ ಮೌಲ್ಯ ಬದಲಾಗುತ್ತದೆ. ಆದ್ದರಿಂದ ಡಿಸ್ಕನ್ನು ಎಸೆಯಬಾರದು. ಅದರ ಯಥಾಪ್ರತಿಯನ್ನು ಐ.ಎಸ್.ಒ. ಕಡತವಾಗಿ ಬೇರೆ ಇಟ್ಟು, ದುರಸ್ತಿಯಾದ ಕಡತದ ಹೆಸರಿನಲ್ಲಿಯೇ "ಧ್ವನಿ ತಿದ್ದಿದ ಪ್ರತಿ" ಎಂದು ಬರೆಯುವುದು ಲೇಸು. ಒಂದು ಪದರದ ಡಿ.ವಿ.ಡಿ. ತುಂಬಿದರೂ 4.7 ಗಿಗಾಬೈಟ್ ಮಾತ್ರ. ಎರಡು ಟೆರಾಬೈಟಿನ ಒಂದು ಹಾರ್ಡ್‌ಡಿಸ್ಕ್ ಇಂಥ ನಾನೂರಕ್ಕೂ ಹೆಚ್ಚು ಪ್ರತಿಗಳನ್ನು ಹಿಡಿಯುತ್ತದೆ.

ಹಕ್ಕಿನ ಪ್ರಶ್ನೆಯನ್ನೂ ಗಮನಿಸಬೇಕು. ಹಣ ಕೊಟ್ಟು ಮಾಡಿಸಿದ ಚಿತ್ರದ ಮೊದಲ ಹಕ್ಕುದಾರರು, ವ್ಯತಿರಿಕ್ತ ಒಪ್ಪಂದವಿಲ್ಲದಿದ್ದರೆ, ಮಾಡಿಸಿದವರೇ ಎಂದು ಕೃತಿಸ್ವಾಮ್ಯ ಅಧಿನಿಯಮ, 1957ರ 17ನೆಯ ಪ್ರಕರಣ ಹೇಳುತ್ತದೆ. ಯಂತ್ರ ತಯಾರಕರ ತರಬೇತಿ ಡಿಸ್ಕುಗಳಿಗೆ ಈ ಮಾತು ಅನ್ವಯಿಸುವುದಿಲ್ಲ. ಅವರಿಂದ ಲಿಖಿತ ಒಪ್ಪಿಗೆ ಪಡೆಯುವುದು ಕ್ಷೇಮ.

ಕೆಲಸವನ್ನು ಸ್ಟುಡಿಯೊಗೆ ವಹಿಸುವುದಾದರೆ ಎಲ್ಲ ಡಿಸ್ಕುಗಳನ್ನೂ ಒಮ್ಮೆಗೇ ಕೊಡಬಾರದು. ಅತಿ ಉದ್ದವಾದ ಒಂದನ್ನು ಮೊದಲು ಕೊಟ್ಟು, ಮರಳಿ ಬಂದ ಕಡತವನ್ನು ಆ ಸಮಾರಂಭದಲ್ಲಿದ್ದ ಹಿರಿಯ ನೌಕರರೊಬ್ಬರಿಂದ ಕೊನೆಯ ಹತ್ತು ನಿಮಿಷಗಳವರೆಗೂ ಕೇಳಿಸಬೇಕು. ಉಳಿದ ಡಿಸ್ಕುಗಳೂ ಬಾಕಿ ಹಣವೂ ಅದರ ನಂತರ.