ಹಳೇ ಕಂಪ್ಯೂಟರ್‌ಗೆ ಪೋರ್ಟ್ ಕಾರ್ಡ್: ಬಿಲ್ ಪ್ರಿಂಟರ್, ತೂಕದ ಯಂತ್ರ ಮೂಲೆಗೆ ಹಾಕುವ ಮುನ್ನ ಇದನ್ನು ಓದಿ

ಕುಂದೂರು (ಆಲೂರು ತಾ.): ಕಾಫಿ, ಮೆಣಸು ಖರೀದಿಸುವ ಅಂಗಡಿಯಲ್ಲಿ ಸೀಸನ್ ನಡುವೆ ಬಿಲ್ ನಿಂತರೆ ಮೂಟೆ ತಂದವರು ಸಾಲಿನಲ್ಲಿ ಕಾಯಬೇಕು. ಹೆಚ್ಚಿನ ಸಲ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ತೂಕದ ಯಂತ್ರ ಎರಡೂ ಚೆನ್ನಾಗೇ ಇರುತ್ತವೆ. ಕೆಟ್ಟಿರುವುದು ಕಂಪ್ಯೂಟರ್ ಹಿಂಬದಿಯ ಪೋರ್ಟ್. ಅದಕ್ಕೆ ಹೊಸ ಯಂತ್ರ ಬೇಕಿಲ್ಲ, ಒಂದು ಪೋರ್ಟ್ ಕಾರ್ಡ್ ಸಾಕು. ಆದರೆ ಕಾರ್ಡ್ ಸಿಕ್ಕಿಸಿದ ಮಾತ್ರಕ್ಕೆ ಕೆಲಸ ಮುಗಿಯಲ್ಲ.

ಮೊದಲು ಸ್ಲಾಟ್ ನೋಡಿ

ಕ್ಯಾಬಿನೆಟ್ ತೆಗೆದರೆ ಸುಮಾರು ಎಂಟೂವರೆ ಸೆಂ.ಮೀ. ಉದ್ದದ, ಸಾಮಾನ್ಯವಾಗಿ ಬಿಳಿ ಬಣ್ಣದ ಸ್ಲಾಟ್ ಕಂಡರೆ ಅದು ಪಿಸಿಐ. ಒಂದು ಇಂಚಿನಷ್ಟೇ ಇರುವ ಚಿಕ್ಕದು ಪಿಸಿಐ ಎಕ್ಸ್‌ಪ್ರೆಸ್. ಒಂದರ ಕಾರ್ಡ್ ಇನ್ನೊಂದಕ್ಕೆ ಕೂರಲ್ಲ. ಸಣ್ಣ ಕ್ಯಾಬಿನೆಟ್ ಆದರೆ ಗಿಡ್ಡ ಪಟ್ಟಿಯ ಕಾರ್ಡ್ ಕೇಳಿ ತನ್ನಿ. ಸ್ಲಾಟ್‌ನ ಫೋಟೋ ಅಂಗಡಿಗೆ ಒಯ್ದರೆ ಎರಡನೇ ಸಲ ಹಾಸನಕ್ಕೆ ಹೋಗುವುದು ತಪ್ಪುತ್ತದೆ.

ಕಾರ್ಡ್ ಹಾಕುವ ಮುನ್ನ ಪ್ಲಗ್ ಕಿತ್ತು, ಕ್ಯಾಬಿನೆಟ್‌ನ ಲೋಹ ಮುಟ್ಟಿ. ಮಳೆಗಾಲದ ತೇವಕ್ಕೆ ಹಳೇ ಕಾರ್ಡಿನ ಹಲ್ಲುಗಳು ಮಂಕಾಗಿದ್ದರೆ ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ.

ನಂಬರ್ ಸರಿ ಇಲ್ಲದಿದ್ದರೆ ಬಿಲ್ ಬರಲ್ಲ

ಹಳೇ ಬಿಲ್ಲಿಂಗ್ ಸಾಫ್ಟ್‌ವೇರ್ ಪ್ರಿಂಟರನ್ನು ಎಲ್‌ಪಿಟಿ 1ರಲ್ಲಿ ಹುಡುಕುತ್ತದೆ. ಹೊಸ ಕಾರ್ಡಿಗೆ ವಿಂಡೋಸ್ ಎಲ್‌ಪಿಟಿ 3 ಎಂದು ಕೊಟ್ಟಿರಬಹುದು. ತೂಕದ ಯಂತ್ರದ್ದೂ ಇದೇ ಕಥೆ: ಸಾಫ್ಟ್‌ವೇರ್ ಕಾಮ್ 1 ಕೇಳಿದರೆ ಕಾರ್ಡ್ ಕಾಮ್ 5ರಲ್ಲಿ ಕೂತಿರುತ್ತದೆ.

ಸರಿಪಡಿಸಲು ಹೀಗೆ ಮಾಡಿ:

1. ಕಾರ್ಡಿನ ಚಿಪ್ ಮೇಲಿರುವ ನಂಬರ್ ಬರೆದುಕೊಂಡು, ಅದಕ್ಕೆ ತಕ್ಕ ಡ್ರೈವರ್ ಹಾಕಿ.
2. ಮದರ್‌ಬೋರ್ಡಿನ ಕೆಟ್ಟ ಪೋರ್ಟನ್ನು ಬಯಾಸ್‌ನಲ್ಲಿ ಆಫ್ ಮಾಡಿ. ಆಗ ಆ ನಂಬರ್ ಖಾಲಿಯಾಗುತ್ತದೆ.
3. ಡಿವೈಸ್ ಮ್ಯಾನೇಜರ್‌ನ ಪೋರ್ಟ್ಸ್ ವಿಭಾಗದಲ್ಲಿ, ಪೋರ್ಟ್ ಸೆಟ್ಟಿಂಗ್ಸ್‌ಗೆ ಹೋಗಿ ಬೇಕಾದ ನಂಬರ್ ಕೊಡಿ.
4. ತೂಕದ ಯಂತ್ರದ ಬಾಡ್ ರೇಟ್ (ಉದಾಹರಣೆಗೆ 9600) ಎರಡೂ ಕಡೆ ಒಂದೇ ಇರಲಿ. ಬೇರೆ ಇದ್ದರೆ ತೂಕದ ಬದಲು ಅರ್ಥವಿಲ್ಲದ ಅಕ್ಷರಗಳು ಬರುತ್ತವೆ.

ಯುಎಸ್‌ಬಿ ಕೇಬಲ್ ಸಾಕಾಗಲ್ವಾ?

ತೂಕದ ಯಂತ್ರಕ್ಕೆ ಬಹುಪಾಲು ಸಾಕು, ಯುಎಸ್‌ಬಿ–ಸೀರಿಯಲ್ ಕೇಬಲ್ ಕಾಮ್ ಪೋರ್ಟ್ ಆಗಿಯೇ ಕಾಣುತ್ತದೆ. ಪ್ರಿಂಟರ್ ಕೇಬಲ್ ಹಾಗಲ್ಲ. ಅದು ಯುಎಸ್‌ಬಿ ಪ್ರಿಂಟರ್ ಎಂದು ಕಾಣುವುದರಿಂದ, ಎಲ್‌ಪಿಟಿ 1 ಕೇಳುವ ಡಾಸ್ ಸಾಫ್ಟ್‌ವೇರ್‌ಗೆ ನೇರವಾಗಿ ಸಿಗಲ್ಲ.

ವಿಂಡೋಸ್ ಬದಲಿಸುವವರಿಗೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ, ಅದರಲ್ಲಿ ಹಳೇ ಡಾಸ್ ಸಾಫ್ಟ್‌ವೇರ್ ನೇರವಾಗಿ ಓಡಲ್ಲ. ಹಾಗಾಗಿ ಬದಲಿಸುವ ಮೊದಲು ಸಾಫ್ಟ್‌ವೇರ್ ಮಾರಿದವರನ್ನು ಕೇಳಿ, ಕಾರ್ಡಿಗೆ 64 ಬಿಟ್ ಡ್ರೈವರ್ ಇದೆಯೇ ನೋಡಿ. ಹಳೇ ಕಂಪ್ಯೂಟರನ್ನೇ ಬಿಲ್‌ಗೆ ಉಳಿಸಿಕೊಳ್ಳುವವರು ಅದಕ್ಕೆ ಇಂಟರ್‌ನೆಟ್ ಕೊಡದಿರುವುದು ಕ್ಷೇಮ.

ಕಂಪ್ಯೂಟರ್ ಆನ್ ಮಾಡಿದಾಗಲೆಲ್ಲ ತಾರೀಖು ಹಿಂದಕ್ಕೆ ಹೋಗಿರುತ್ತಿದ್ದರೆ ಸಿಆರ್ 2032 ಬ್ಯಾಟರಿ ಬದಲಿಸಿ. ಇಲ್ಲದಿದ್ದರೆ ಬಿಲ್ಲಿನ ತಾರೀಖೂ ತಪ್ಪುತ್ತದೆ, ಬಯಾಸ್‌ನಲ್ಲಿ ಆಫ್ ಮಾಡಿದ ಪೋರ್ಟೂ ಮತ್ತೆ ಆನ್ ಆಗಬಹುದು.

ಕೆಲಸ ಮುಗಿದ ಮೇಲೆ ಸೆಟ್ಟಿಂಗ್ಸ್‌ನ ಫೋಟೋ ತೆಗೆದು, ಡ್ರೈವರ್ ಮತ್ತು ಲೆಕ್ಕದ ಬ್ಯಾಕಪ್ಪನ್ನು ಪೆನ್‌ಡ್ರೈವ್‌ನಲ್ಲಿ ಇಡಿ. ಇದನ್ನೆಲ್ಲ ಕೊಯ್ಲಿಗೆ ಮುಂಚೆಯೇ ಮಾಡಿ, ಒಂದು ಮೂಟೆ ತೂಗಿ ಬಿಲ್ ತೆಗೆದು ನೋಡಿದರೆ ಸೀಸನ್‌ನಲ್ಲಿ ಪರದಾಟ ಇರಲ್ಲ.