ಪಿಂಗ್‌ಗೆ ಉತ್ತರ ಬರಲಿಲ್ಲ ಅಂದರೆ ಸರ್ವರ್ ಸತ್ತಿದೆಯಾ?

"ಅಣ್ಣಾ, ಕ್ಲೌಡ್‌ನಲ್ಲಿರೋ ಸರ್ವರ್‌ಗೆ ಪಿಂಗ್ ಮಾಡಿದ್ರೆ ಏನೂ ಬರ್ತಿಲ್ಲ. ಸತ್ತೋಗಿದೆಯಾ?" ಹೊಸದಾಗಿ ಕೆಲಸಕ್ಕೆ ಸೇರಿರುವ ಚಿಕ್ಕಮ್ಮನ ಮಗ ಕಳೆದ ಭಾನುವಾರ ವರ್ತೂರಿನ ನಮ್ಮ ಮನೆಗೆ ಊಟಕ್ಕೆ ಬಂದು, ತಟ್ಟೆ ಬಿಟ್ಟು ಲ್ಯಾಪ್‌ಟಾಪ್ ಹಿಡಿದು ಕೂತಿದ್ದ.

ಈ ಪ್ರಶ್ನೆಗೆ ನಾನೇ ಒಮ್ಮೆ ತಪ್ಪು ಉತ್ತರ ಕಂಡುಕೊಂಡಿದ್ದೆ. ಆಗ ರಾತ್ರಿ ಪಾಳಿ. ಔಷಧಿ ಅಂಗಡಿಗಳ ಬಿಲ್ಲಿಂಗ್ ಸರ್ವರ್ ಸಿಗ್ತಿಲ್ಲ ಅಂತ ಒಂದು ಅಂಗಡಿಯಿಂದ ದೂರು ಬಂತು. ಪಿಂಗ್ ಮಾಡಿದೆ, ಮೌನ. ಹಿಂದೆ ಮುಂದೆ ನೋಡದೆ ರೀಸ್ಟಾರ್ಟ್ ಮಾಡಿಬಿಟ್ಟೆ. ಅದುವರೆಗೆ ತೊಂದರೆ ಇದ್ದದ್ದು ಒಂದೇ ಅಂಗಡಿಗೆ. ಆಮೇಲೆ ಎಲ್ಲ ಅಂಗಡಿಗಳಲ್ಲೂ ಬಿಲ್ ನಿಂತಿತು. ಮಾತ್ರೆಗೆ ಕಾದು ನಿಂತವರನ್ನು ನೆನೆದರೆ ಈಗಲೂ ಮುಜುಗರ. ಆ ಸರ್ವರ್ ಯಾವತ್ತೂ ಪಿಂಗ್‌ಗೆ ಉತ್ತರ ಕೊಡುತ್ತಲೇ ಇರಲಿಲ್ಲ ಅಂತ ಬೆಳಿಗ್ಗೆ ಗೊತ್ತಾಯಿತು.

ಕಾರಣ ಸರಳ. ಪಿಂಗ್ ಅನ್ನು ಮೈಕ್ ಮ್ಯೂಸ್ ಬರೆದದ್ದು 1983ರಲ್ಲಿ. ಅದು ಬಳಸುವುದು ಐಸಿಎಂಪಿ. ನಮ್ಮ ವೆಬ್‌ಸೈಟು, ಆ್ಯಪ್‌ಗಳು ಹೆಚ್ಚಾಗಿ ಓಡಾಡುವುದು ಟಿಸಿಪಿ 443ನೇ ಪೋರ್ಟಿನಲ್ಲಿ. ಅಮೆಜಾನ್ ಕ್ಲೌಡ್‌ನಲ್ಲಿ ಹೊಸ ಸೆಕ್ಯುರಿಟಿ ಗ್ರೂಪ್ ಮಾಡಿದರೆ ಒಳಬರುವ ಬಾಗಿಲು ಒಂದೂ ತೆರೆದಿರುವುದಿಲ್ಲ. 443 ಮಾತ್ರ ತೆರೆದರೆ ಸೈಟ್ ನಡೆಯುತ್ತದೆ, ಪಿಂಗ್ ನಡೆಯುವುದಿಲ್ಲ.

ಹಾಗಾದ್ರೆ ಏನು ಮಾಡೋದು? ಬೇಕಾದ ಪೋರ್ಟನ್ನೇ ಟೆಲ್‌ನೆಟ್ ಅಥವಾ ನೆಟ್‌ಕ್ಯಾಟ್‌ನಿಂದ ತಟ್ಟಿ ನೋಡಿ. 'ಕನೆಕ್ಷನ್ ರಿಫ್ಯೂಸ್ಡ್' ಬಂದರೆ ನನಗಂತೂ ಖುಷಿ. ಬಾಗಿಲು ತಟ್ಟಿದಾಗ ಒಳಗಿನಿಂದ "ಅವರಿಲ್ಲ, ಹೋಗಿ" ಅಂದ ಹಾಗೆ: ಮನೆಯಂತೂ ಸಿಕ್ಕಿತಲ್ಲ! ಸಾಮಾನ್ಯವಾಗಿ ಆ ಪೋರ್ಟಿನಲ್ಲಿ ಪ್ರೋಗ್ರಾಂ ಕೇಳಿಸಿಕೊಳ್ಳುತ್ತಿಲ್ಲ, ಅಷ್ಟೆ. 'ಟೈಮ್‌ಔಟ್' ಆದರೆ ದಾರಿಯಲ್ಲಿ ಯಾರೋ ನುಂಗಿದ್ದಾರೆ: ಸೆಕ್ಯುರಿಟಿ ಗ್ರೂಪ್, ರೂಟ್ ಟೇಬಲ್, ಇಲ್ಲವೇ ನೆಟ್‌ವರ್ಕ್ ಎಸಿಎಲ್. ಈ ಕೊನೆಯದು ಬಹಳ ಜನರನ್ನು ಸತಾಯಿಸುತ್ತದೆ. ಸೆಕ್ಯುರಿಟಿ ಗ್ರೂಪ್ ಒಳಗೆ ಬಿಟ್ಟವರ ಮುಖ ನೆನಪಿಟ್ಟುಕೊಂಡು ವಾಪಸ್ ಬಿಡುತ್ತದೆ. ಎಸಿಎಲ್‌ಗೆ ನೆನಪೇ ಇಲ್ಲ. ಹೋಗುವ ಉತ್ತರಕ್ಕೂ ಬೇರೆಯಾಗಿ ಅನುಮತಿ ಬರೆಯಬೇಕು.

ಎಲ್ಲಿಂದ ಪರೀಕ್ಷೆ ಮಾಡ್ತಿದ್ದೀರಿ ಅನ್ನೋದೂ ಮುಖ್ಯ. ಖಾಸಗಿ ವಿಳಾಸದ ಡೇಟಾಬೇಸ್ ನಿಮ್ಮ ಮನೆಯ ವೈಫೈಗೆ ಸಿಗಬಾರದು, ಸಿಕ್ಕರೆ ಗಾಬರಿಯಾಗಬೇಕು. ಅದೇ ನೆಟ್‌ವರ್ಕ್‌ನೊಳಗಿನ ಇನ್ನೊಂದು ಮೆಷಿನ್‌ನಿಂದ ನೋಡಿ.

"ಮುಂಬೈ ಸರ್ವರ್ 5 ಮಿಲಿಸೆಕೆಂಡಲ್ಲಿ ಉತ್ತರ ಕೊಡೋ ಹಾಗೆ ಮಾಡಿ" ಅಂತ ಕೇಳುವವರೂ ಇದ್ದಾರೆ. ಫೈಬರ್‌ನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ನೇರ ಗೆರೆ ಎಳೆದರೂ ಇಲ್ಲಿಂದ ಮುಂಬೈಗೆ ಹೋಗಿ ಬರಲು 8 ಮಿಲಿಸೆಕೆಂಡ್ ದಾಟುತ್ತದೆ. ಸಂಜೆ ವರ್ತೂರು ಕೋಡಿ ದಾಟುವ ನಮಗೆ ಅದೇ ದೊಡ್ಡ ಪವಾಡ.

ತಮ್ಮನಿಗೆ ಪೋರ್ಟ್ ತಟ್ಟಿಸಿದೆ. ರಿಫ್ಯೂಸ್ಡ್! ಪ್ರೋಗ್ರಾಂ 127.0.0.1ರಲ್ಲಿ ಮಾತ್ರ ಕೇಳಿಸಿಕೊಳ್ಳುತ್ತಿತ್ತು, ಅಂದರೆ ತನ್ನ ಮಾತು ತನಗೇ. ಒಂದು ಸಾಲು ಬದಲಿಸಿದ, ಸರಿಹೋಯಿತು. ಅಷ್ಟರಲ್ಲಿ ಸಾರು ತಣ್ಣಗಾಗಿತ್ತು. ಅಮ್ಮ ಬೈಯುತ್ತಲೇ ಮತ್ತೆ ಬಿಸಿ ಮಾಡಿದರು.