ಹುರುಳಿಯೊಳಗಿನ ಹುರುಳು

ನೋಯ್ಡಾದ ಕಿರಾಣಿ ಅಂಗಡಿಯಲ್ಲಿ ‘ಹುರುಳಿಕಾಳು ಕೊಡಿ’ ಎಂದರೆ ಯಾರಿಗೂ ಅರ್ಥವಾಗುವುದಿಲ್ಲ. ‘ಕುಲ್ಥಿ’ ಎಂದು ಕೇಳಬೇಕು. ಅದಕ್ಕೂ ಅಂಗಡಿಯವರು ತಲೆ ಅಲ್ಲಾಡಿಸಿದರೆ ‘ಗಹತ್’ ಎಂದು ನೋಡಿ. ಉತ್ತರಾಖಂಡದವರು ಈ ಕಾಳನ್ನು ಕರೆಯುವುದು ಹಾಗೆ. ಪಹಾಡಿ ಮನೆಗಳಲ್ಲಿ ಚಳಿಗಾಲ ಬಂತೆಂದರೆ ಗಹತ್ ದಾಲ್ ಒಲೆಯ ಮೇಲೇರುತ್ತದೆ. ನಮ್ಮ ಕಡೆ ಇದೇ ಕಾಳು ಬಸ್ಸಾರಾಗುತ್ತದೆ, ಕಟ್ಟಿನ ಸಾರಾಗುತ್ತದೆ, ಚಟ್ನಿಯಾಗುತ್ತದೆ. ಎತ್ತು, ಕುದುರೆಗಳಿಗೂ ಬೇಯಿಸಿ ಹಾಕುತ್ತಿದ್ದರು. ಮಳೆ ಕೈಕೊಟ್ಟ ವರ್ಷವೂ ಒಣ ಹೊಲದಲ್ಲಿ ಒಂದಿಷ್ಟು ಕೈಗೆ ಬರುವ ಬೆಳೆ ಎಂಬ ಕಾರಣಕ್ಕೆ ಅದಕ್ಕೆ ‘ಬಡವರ ಕಾಳು’ ಎಂಬ ಹೆಸರೂ ಅಂಟಿಕೊಂಡಿದೆ.

ಈ ಬಡವರ ಕಾಳು ದೊಡ್ಡ ಆಸ್ಪತ್ರೆಗಳ ಬ್ಲಡ್ ಬ್ಯಾಂಕ್ ಫ್ರಿಜ್‌ನಲ್ಲೂ ಇರುತ್ತದೆ. ಅಲ್ಲಿ ಅದು ಸಣ್ಣ ಬಾಟಲಿಯಲ್ಲಿರುವ ದ್ರವ. ಲೇಬಲ್ ಮೇಲೆ ‘ಆಂಟಿ-ಎ1 ಲೆಕ್ಟಿನ್’ ಎಂದೂ, ಮೂಲ ‘ಡಾಲಿಕೋಸ್ ಬೈಫ್ಲೋರಸ್’ ಎಂದೂ ಬರೆದಿರುತ್ತಾರೆ. ಸಸ್ಯಶಾಸ್ತ್ರಜ್ಞರು ಈಗ ಹುರುಳಿಯನ್ನು ‘ಮ್ಯಾಕ್ರೊಟೈಲೋಮಾ ಯೂನಿಫ್ಲೋರಂ’ ಎನ್ನುತ್ತಾರೆ. ಲ್ಯಾಬಿನವರು ಮಾತ್ರ ಹಳೆಯ ಹೆಸರನ್ನು ಬಿಟ್ಟಿಲ್ಲ. ಕನ್ನಡದಲ್ಲಿ ಹುರುಳು ಎಂದರೆ ತಿರುಳು, ಸಾರ. ಹುರುಳಿಯೊಳಗಿನ ಹುರುಳು ಏನೆಂದು ತಿಳಿಯಲು ನಮ್ಮ ರಕ್ತದ ಗುಂಪುಗಳಿಂದ ಶುರುಮಾಡಬೇಕು.

ಎಲ್ಲ ‘ಎ’ಗಳೂ ಒಂದೇ ಅಲ್ಲ

ಎ, ಬಿ, ಎಬಿ, ಓ ಎಂಬ ಗುಂಪುಗಳು ನಮಗೆಲ್ಲ ಗೊತ್ತು. ಕೆಂಪು ರಕ್ತಕಣದ ಮೇಲ್ಮೈಯಲ್ಲಿ ಅಂಟಿಕೊಂಡಿರುವ ಸಕ್ಕರೆಯ ಸರಪಳಿಗಳೇ ಈ ವ್ಯತ್ಯಾಸಕ್ಕೆ ಕಾರಣ. ಓ ಗುಂಪಿನವರಲ್ಲಿ ‘ಎಚ್’ ಎಂಬ ಮೂಲ ಸರಪಳಿ ಹಾಗೆಯೇ ಉಳಿದಿರುತ್ತದೆ. ಅದರ ತುದಿಗೆ ಎನ್-ಅಸಿಟೈಲ್ ಗ್ಯಾಲಕ್ಟೋಸಮೈನ್ ಎಂಬ ಸಕ್ಕರೆ ಸೇರಿದರೆ ಎ ಗುಂಪು, ಗ್ಯಾಲಕ್ಟೋಸ್ ಸೇರಿದರೆ ಬಿ ಗುಂಪು. ಎರಡೂ ಬಗೆಯ ತುದಿಗಳಿದ್ದರೆ ಎಬಿ.

ಎ ಗುಂಪಿನೊಳಗೂ ಉಪಗುಂಪುಗಳಿವೆ ಎಂಬುದು 1911ರಿಂದಲೇ ಗೊತ್ತಿತ್ತು. ಮುಖ್ಯವಾದವು ಎ1 ಮತ್ತು ಎ2. ಎ1 ರಕ್ತಕಣವೊಂದರ ಮೇಲೆ ಸುಮಾರು 10 ಲಕ್ಷ ಎ ಗುರುತುಗಳಿದ್ದರೆ, ಎ2 ಕಣದ ಮೇಲೆ ಇರುವುದು ಸುಮಾರು ಎರಡೂವರೆ ಲಕ್ಷ. ಯುರೋಪಿನಲ್ಲಿ ಎ ಗುಂಪಿನ ಐವರಲ್ಲಿ ಒಬ್ಬರು ಎ2. ಭಾರತದ ಹೆಚ್ಚಿನ ಸಮೀಕ್ಷೆಗಳಲ್ಲಿ ಈ ಪ್ರಮಾಣ ಅದಕ್ಕಿಂತ ಕಡಿಮೆ.

ಬಹುಪಾಲು ಜನರಿಗೆ ತಾವು ಎ1 ಅಥವಾ ಎ2 ಎಂಬುದು ಜೀವಮಾನದಲ್ಲಿ ಒಮ್ಮೆಯೂ ತಿಳಿಯಬೇಕಾಗಿ ಬರುವುದಿಲ್ಲ. ತೊಂದರೆ ಬರುವುದು ಕೆಲವರಿಗೆ. ಎ2 ಅಥವಾ ಎ2ಬಿ ಇರುವ ಕೆಲವರ ಪ್ಲಾಸ್ಮಾದಲ್ಲಿ ಎ1 ಕಣಗಳ ವಿರುದ್ಧ ಪ್ರತಿಕಾಯ ಇರುತ್ತದೆ. ಅಂಥವರೊಬ್ಬರು ರಾತ್ರಿ ಎಮರ್ಜೆನ್ಸಿಗೆ ಬಂದರೆಂದು ಇಟ್ಟುಕೊಳ್ಳಿ. ಅವರ ರಕ್ತಕಣಗಳನ್ನು ಪರೀಕ್ಷಿಸಿದರೆ ‘ಎಬಿ’ ಎಂದು ಬರುತ್ತದೆ. ಎಬಿ ಆದವರ ಪ್ಲಾಸ್ಮಾ ಯಾವ ಎ ಕಣವನ್ನೂ ಗಂಟುಕಟ್ಟಿಸಬಾರದು. ಆದರೆ ಇವರ ಪ್ಲಾಸ್ಮಾ ಲ್ಯಾಬಿನ ಎ1 ಕಣಗಳನ್ನು ಗಂಟುಕಟ್ಟಿಸುತ್ತದೆ. ಒಬ್ಬರದೇ ರಕ್ತ, ಎರಡು ಉತ್ತರ. ಈ ಒಗಟು ಬಿಡಿಸುವ ತನಕ ‘ಇದೇ ಗುಂಪು’ ಎಂದು ಟೆಕ್ನಿಷಿಯನ್ ಸಹಿ ಹಾಕುವಂತಿಲ್ಲ.

ಆಗ ಕೈಗೆ ಬರುವುದು ಹುರುಳಿಯ ಬಾಟಲಿ. ರೋಗಿಯ ರಕ್ತಕಣಗಳಿಗೆ ಅದರ ಒಂದು ಹನಿ ಸೇರಿಸಿದರೆ, ಎ1 ಆಗಿದ್ದಲ್ಲಿ ಕೆಲವೇ ನಿಮಿಷಗಳಲ್ಲಿ ಕಣಗಳು ಗಂಟುಕಟ್ಟುತ್ತವೆ. ಎ2 ಆಗಿದ್ದರೆ ಸುಮ್ಮನಿರುತ್ತವೆ. ಇಂಥ ಪ್ರತಿಕಾಯಗಳಲ್ಲಿ ಹೆಚ್ಚಿನವು ತಣ್ಣಗಿದ್ದಾಗ ಮಾತ್ರ ಚುರುಕಾಗುವಂಥವು, ಹಾನಿ ಮಾಡುವುದಿಲ್ಲ. ಆದರೆ 37 ಡಿಗ್ರಿಯಲ್ಲೂ, ಅಂದರೆ ಮೈಯ ಬಿಸಿಯಲ್ಲೂ, ಕೆಲಸ ಮಾಡುವಂಥದ್ದಾದರೆ ಎ1 ರಕ್ತ ಏರಿಸುವುದು ಅಪಾಯ. ಅಂಥ ರೋಗಿಗೆ ಎ1 ಗುರುತಿಲ್ಲದ ರಕ್ತವನ್ನೇ ಹುಡುಕಬೇಕು.

ಪುಣೆಯ ವೈದ್ಯಾಧಿಕಾರಿ, ಬೆಂಗಳೂರಿನ ಪತ್ರಿಕೆ

ಬೀಜದ ರಸ ರಕ್ತವನ್ನು ಗಂಟುಕಟ್ಟಿಸಬಲ್ಲದು ಎಂಬ ಸಂಗತಿ ಹಳೆಯದು. 1888ರಲ್ಲಿ ಎಸ್ಟೋನಿಯಾದ ಡೋರ್ಪಾಟ್‌ನಲ್ಲಿ ಸ್ಟಿಲ್‌ಮಾರ್ಕ್ ಎಂಬ ಸಂಶೋಧಕ ಹರಳು ಬೀಜದಲ್ಲಿ ಇದನ್ನು ಕಂಡಿದ್ದ. ಆದರೆ ಹರಳಿನ ರಸ ಗುಂಪು ನೋಡದೆ ಎಲ್ಲರ ರಕ್ತವನ್ನೂ ಗಂಟುಕಟ್ಟಿಸುತ್ತಿತ್ತು. 1940ರ ದಶಕದ ಕೊನೆಯಲ್ಲಿ ಫಿನ್ಲೆಂಡಿನ ರೆಂಕೋನೆನ್ ಮತ್ತು ಅಮೆರಿಕದ ವಿಲಿಯಂ ಬಾಯ್ಡ್, ಕೆಲವು ಬೀಜಗಳು ಗುಂಪು ನೋಡಿ ಆರಿಸಿಕೊಳ್ಳುತ್ತವೆ ಎಂಬುದನ್ನು ಬೇರೆಬೇರೆಯಾಗಿ ತೋರಿಸಿದರು. ಇಂಥ ಪ್ರೋಟೀನುಗಳಿಗೆ 1954ರಲ್ಲಿ ‘ಲೆಕ್ಟಿನ್’ ಎಂದು ಹೆಸರಿಟ್ಟವರು ಬಾಯ್ಡ್. ಲ್ಯಾಟಿನ್‌ನಲ್ಲಿ ಅದರ ಮೂಲಪದಕ್ಕೆ ‘ಆರಿಸು’ ಎಂದರ್ಥ.

ಹುರುಳಿಯ ಸರದಿ ಬಂದದ್ದು 1951ರಲ್ಲಿ. ಪುಣೆಯಲ್ಲಿದ್ದ ಭಾರತೀಯ ಸೇನೆಯ ವೈದ್ಯಾಧಿಕಾರಿ ಜಿ.ಡಬ್ಲ್ಯು.ಜಿ. ಬರ್ಡ್, ಹುರುಳಿ ಬೀಜದ ರಸ ಎ ಗುಂಪಿನ ರಕ್ತವನ್ನು ಗುರುತಿಸುತ್ತದೆ ಎಂದು ಬರೆದರು. ಆ ಬರಹ ಅಚ್ಚಾದದ್ದು ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ. ಮರುವರ್ಷ ‘ನೇಚರ್’ ಪತ್ರಿಕೆಯಲ್ಲಿ ಎ1 ಮತ್ತು ಎ2 ಉಪಗುಂಪುಗಳೊಂದಿಗೆ ಅದರ ಸಂಬಂಧವನ್ನು ವಿವರಿಸಿದರು. ಮುಂದೆ ಅವರು ಇಂಗ್ಲೆಂಡಿಗೆ ಹೋಗಿ ಬರ್ಮಿಂಗ್‌ಹ್ಯಾಮ್‌ನ ರಕ್ತ ಕೇಂದ್ರದ ಮುಖ್ಯಸ್ಥರಾದರು. 1970ರಲ್ಲಿ ಅಮೆರಿಕದ ಮ್ಯಾರಿಲಿನ್ ಎಟ್ಜ್ಲರ್ ಮತ್ತು ಎಲ್ವಿನ್ ಕಬಾಟ್ ಹುರುಳಿಯ ಲೆಕ್ಟಿನ್ ಅನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿದರು.

ತಯಾರಿಸುವ ಬಗೆ ಅಡುಗೆಮನೆಯ ಕೆಲಸದಂತೆಯೇ ಇದೆ. ಒಣ ಕಾಳನ್ನು ಪುಡಿಮಾಡಿ, ಸಲೈನ್‌ನಲ್ಲಿ ನೆನೆಸಿ, ಗಸಿ ತೆಗೆದು, ಸೋಸುತ್ತಾರೆ. ಕೈಚಳಕ ಬೇಕಾಗುವುದು ಆಮೇಲೆ. ರಸ ಗಟ್ಟಿಯಾಗಿದ್ದರೆ ಎ2 ಕಣಗಳನ್ನೂ ಗಂಟುಕಟ್ಟಿಸಿಬಿಡುತ್ತದೆ. ತೀರಾ ತೆಳುವಾದರೆ ಎ1 ಕೂಡ ಸಿಗುವುದಿಲ್ಲ. ಎ1 ಮಾತ್ರ ಸಿಕ್ಕು ಎ2 ಜಾರಿಹೋಗುವಷ್ಟು ಹದಕ್ಕೆ ಅದನ್ನು ತೆಳುಗೊಳಿಸಬೇಕು. ಇಂದು ಆಂಟಿ-ಎ, ಆಂಟಿ-ಬಿ ದ್ರವಗಳು ಲ್ಯಾಬಿನಲ್ಲಿ ಬೆಳೆಸಿದ ಮೋನೋಕ್ಲೋನಲ್ ಪ್ರತಿಕಾಯಗಳಿಂದ ಬರುತ್ತವೆ. ಆಂಟಿ-ಎ1 ವಿಷಯದಲ್ಲಿ ಮಾತ್ರ ಹುರುಳಿಯ ಜಾಗ ಇನ್ನೂ ಗಟ್ಟಿಯಾಗಿದೆ.

ಬ್ಲಡ್ ಬ್ಯಾಂಕಿನಾಚೆಗೂ ಇದಕ್ಕೆ ಕೆಲಸವಿದೆ. ಹೊಳೆಯುವ ಬಣ್ಣ ಜೋಡಿಸಿದ ಹುರುಳಿ ಲೆಕ್ಟಿನ್‌ನಿಂದ ಸಂಶೋಧಕರು ಅಂಗಾಂಶದ ತೆಳು ಪದರಗಳಲ್ಲಿ ಆ ಸಕ್ಕರೆ ಎಲ್ಲೆಲ್ಲಿದೆ ಎಂದು ಹುಡುಕುತ್ತಾರೆ. ಇಲಿಯ ಮೂತ್ರಪಿಂಡದ ನಾಳಗಳನ್ನು ಗುರುತಿಸಲು ಇದು ಮಾಮೂಲಿ ಸಾಧನ. ಕೆಲವು ಕ್ಯಾನ್ಸರ್ ಕೋಶಗಳ ಮೇಲೆ ಕಾಣುವ ‘ಟಿಎನ್’ ಎಂಬ ಗುರುತನ್ನೂ ಇದು ಹಿಡಿಯುತ್ತದೆ.

ದಿಲ್ಲಿಯವರ ರಾಜ್ಮಾ ಕೂಡ ಇದೇ ಬಳಗದ್ದು. ಅದರ ಲೆಕ್ಟಿನ್ ಬಿಳಿ ರಕ್ತಕಣಗಳನ್ನು ವಿಭಜನೆಗೆ ತಳ್ಳುತ್ತದೆ ಎಂದು ಪೀಟರ್ ನೋವೆಲ್ 1960ರಲ್ಲಿ ತೋರಿಸಿದ ಮೇಲೆ, ರಕ್ತದಿಂದ ಕ್ರೋಮೋಸೋಮ್ ಪರೀಕ್ಷೆ ಮಾಡುವುದು ಸಲೀಸಾಯಿತು. ಹಸಿ ರಾಜ್ಮಾ ತಿಂದರೆ ಹೊಟ್ಟೆ ಕೆಡುವುದೂ ಇದೇ ಲೆಕ್ಟಿನ್‌ನಿಂದ. ಚೆನ್ನಾಗಿ ಬೇಯಿಸಿದರೆ ಅದು ನಾಶವಾಗುತ್ತದೆ. ಹುರುಳಿ ಸಾರು ಉಂಡರೆ ರಕ್ತದ ಗುಂಪಿಗೆ ಏನಾದರೂ ಆಗುತ್ತದೆಯೇ ಎಂಬ ಭಯ ಯಾರಿಗೂ ಬೇಡ. ಬೆಂದ ಕಾಳು ಬರೀ ಊಟ.

ಸೆಕ್ಟರ್ 62ರ ಕಾವಲು

ಬ್ಲೂ ಲೈನ್ ಮೆಟ್ರೋದ ಕೊನೆಯ ನಿಲ್ದಾಣ ನೋಯ್ಡಾ ಇಲೆಕ್ಟ್ರಾನಿಕ್ ಸಿಟಿ. ಆ ಹೆಸರು ಕೇಳಿ ಬೆಂಗಳೂರು ನೆನೆಯದ ಕನ್ನಡಿಗರಿಲ್ಲ. ಅದರ ಹಿಂದಿನ ನಿಲ್ದಾಣ ಸೆಕ್ಟರ್ 62. ಇದೇ ಸೆಕ್ಟರಿನಲ್ಲಿದೆ ಕೇಂದ್ರ ಆರೋಗ್ಯ ಸಚಿವಾಲಯಕ್ಕೆ ಸೇರಿದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಬಯೋಲಾಜಿಕಲ್ಸ್. ಲಸಿಕೆ, ಇನ್ಸುಲಿನ್, ರಕ್ತದ ಉತ್ಪನ್ನಗಳ ಜೊತೆಗೆ ರಕ್ತದ ಗುಂಪು ಪತ್ತೆಮಾಡುವ ರೀಏಜೆಂಟ್‌ಗಳ ಗುಣಮಟ್ಟವನ್ನೂ ಇಲ್ಲಿ ಪರೀಕ್ಷಿಸುತ್ತಾರೆ. ರಕ್ತ ಪಡೆದವರಿಗೆ ಆಗುವ ಅಡ್ಡಪರಿಣಾಮಗಳನ್ನು ದೇಶದಾದ್ಯಂತ ದಾಖಲಿಸುವ ಹಿಮೋವಿಜಿಲೆನ್ಸ್ ಕಾರ್ಯಕ್ರಮ 2012ರ ಡಿಸೆಂಬರ್‌ನಲ್ಲಿ ಶುರುವಾಯಿತು. ಅದರ ಸಮನ್ವಯವೂ ಇಲ್ಲಿಂದಲೇ.

ಇಂಥ ಕಾವಲು ಏಕೆ ಬೇಕೆಂಬುದಕ್ಕೆ ಹುರುಳಿಯ ಬಾಟಲಿಯೇ ಸಾಕ್ಷಿ. ತಂಪಿನಲ್ಲಿಡದೆ ಶಕ್ತಿ ಕಳೆದುಕೊಂಡ ದ್ರವ ಎ1 ಅನ್ನು ಎ2 ಎಂದು ತೋರಿಸಬಹುದು. ಹದ ತಪ್ಪಿದ್ದು ಎ2 ಅನ್ನು ಎ1 ಎನ್ನಬಹುದು. ಕಿಡ್ನಿ ಕಸಿಯಲ್ಲಿ ಈ ವ್ಯತ್ಯಾಸದ ತೂಕ ಇನ್ನೂ ಹೆಚ್ಚು. ಎ2 ದಾನಿಯ ಕಣಗಳಲ್ಲಿ ಎ ಗುರುತು ಕಡಿಮೆ ಇರುವುದರಿಂದ, ಪ್ರತಿಕಾಯದ ಮಟ್ಟ ಕಡಿಮೆಯಿರುವ ಓ ಅಥವಾ ಬಿ ಗುಂಪಿನ ರೋಗಿಗೂ ಆ ಕಿಡ್ನಿ ಹೊಂದಬಹುದು. ಅಮೆರಿಕದಲ್ಲಿ 2014ರ ಡಿಸೆಂಬರ್‌ನಿಂದ ಜಾರಿಯಾದ ಕಿಡ್ನಿ ಹಂಚಿಕೆ ನಿಯಮದಲ್ಲಿ, ಎ2 ಮತ್ತು ಎ2ಬಿ ಕಿಡ್ನಿಗಳನ್ನು ಬಿ ಗುಂಪಿನವರಿಗೆ ಕೊಡುವ ಅವಕಾಶವಿದೆ. ವರ್ಷಗಟ್ಟಲೆ ಕಾಯುವ ರೋಗಿಗೆ ಇದು ಬದುಕಿನ ಪ್ರಶ್ನೆ.

ಊರಿನಿಂದ ದೂರವಿರುವ ನಮಗೆ

ಬೀಜದ ಲೆಕ್ಟಿನ್ ಬೇಕಾಗುವ ಇನ್ನೊಂದು ಸಂದರ್ಭವೂ ಇದೆ. 1952ರಲ್ಲಿ ಮುಂಬೈಯಲ್ಲಿ ಭೇಂಡೆ ಮತ್ತು ಸಂಗಡಿಗರು ವರದಿ ಮಾಡಿದ ‘ಬಾಂಬೆ ಗುಂಪು’ ಅದು. ಇವರಲ್ಲಿ ಎಚ್ ಸರಪಳಿಯೇ ಇರುವುದಿಲ್ಲ. ಸಾಮಾನ್ಯ ಪರೀಕ್ಷೆಯಲ್ಲಿ ಇವರ ಕಣಗಳು ಓ ಎಂದು ಕಾಣುತ್ತವೆ, ಆದರೆ ಇವರಿಗೆ ಓ ರಕ್ತ ಕೊಟ್ಟರೆ ಪ್ರಾಣಾಪಾಯ. ಇದನ್ನು ಖಚಿತಪಡಿಸಲು ಬಳಸುವ ಆಂಟಿ-ಎಚ್ ಲೆಕ್ಟಿನ್ ಗೋರ್ಸ್ ಎಂಬ ಮುಳ್ಳುಗಿಡದ ಬೀಜದಿಂದ ಬರುತ್ತದೆ. ನೀಲಗಿರಿಯಲ್ಲಿ ಹುಲ್ಲುಗಾವಲನ್ನು ಆಕ್ರಮಿಸಿರುವ ಹಳದಿ ಹೂವಿನ ಪೊದೆ ಅದೇ.

ಬಾಂಬೆ ಗುಂಪಿನವರಿಗೆ ಸಾಮಾನ್ಯವಾಗಿ ಬಾಂಬೆ ಗುಂಪಿನ ರಕ್ತವೇ ಆಗಬೇಕು. ಒಡಹುಟ್ಟಿದವರಲ್ಲಿ ಹುಡುಕುವುದು ಮೊದಲ ದಾರಿ, ಏಕೆಂದರೆ ಪ್ರತಿಯೊಬ್ಬರಲ್ಲೂ ಅದೇ ಗುಂಪು ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು ಪಾಲು. ಆದರೆ ಅಣ್ಣ ದಾವಣಗೆರೆಯಲ್ಲಿ, ತಂಗಿ ಕುಮಟೆಯಲ್ಲಿ, ರೋಗಿ ನೋಯ್ಡಾದಲ್ಲಿ ಎಂದಾದರೆ? ಊರಿನಲ್ಲಿ ಒಂದು ಫೋನಿಗೆ ಹತ್ತು ನೆಂಟರು ಬಂದು ನಿಲ್ಲುತ್ತಾರೆ. ಇಲ್ಲಿ ವಾಟ್ಸಾಪ್ ಗುಂಪಿನಲ್ಲಿ ‘ತುರ್ತಾಗಿ ರಕ್ತ ಬೇಕಾಗಿದೆ’ ಎಂಬ ಸಂದೇಶ ಹಾಕಿ ಕಾಯಬೇಕು.

ಅದಕ್ಕೇ ಒಂದಿಷ್ಟು ಕೆಲಸ ಮೊದಲೇ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಹಳೆಯ ಐಡಿ ಕಾರ್ಡಿನಲ್ಲಿ ಬರೆದ ಗುಂಪನ್ನು ನಂಬಿ ಕೂರದೆ, ಕಣ ಮತ್ತು ಪ್ಲಾಸ್ಮಾ ಎರಡನ್ನೂ ಪರೀಕ್ಷಿಸಿ ಕೊಟ್ಟ ವರದಿ ಇಟ್ಟುಕೊಳ್ಳಿ. ಎಂದಾದರೂ ಬ್ಲಡ್ ಬ್ಯಾಂಕಿನವರು ‘ನಿಮ್ಮ ಗುಂಪಿನಲ್ಲಿ ಏನೋ ಹೊಂದಿಕೆಯಾಗುತ್ತಿಲ್ಲ’ ಎಂದಿದ್ದರೆ ಆ ಮಾತನ್ನು ಬರಹದಲ್ಲಿ ಪಡೆದು, ಒಡಹುಟ್ಟಿದವರಿಗೂ ತಿಳಿಸಿ, ಅವರ ಪರೀಕ್ಷೆಯೂ ಆಗಲಿ. ಆರೋಗ್ಯವಿದ್ದರೆ ನಿಯಮಿತವಾಗಿ ರಕ್ತದಾನ ಮಾಡಿ. ದಾನಿಯ ರಕ್ತವನ್ನು ಬ್ಲಡ್ ಬ್ಯಾಂಕ್ ಪ್ರತಿ ಸಲವೂ ಪರೀಕ್ಷಿಸುವುದರಿಂದ, ನಿಮ್ಮ ಗುಂಪಿನಲ್ಲಿ ಅಪರೂಪದ್ದೇನಾದರೂ ಇದ್ದರೆ ಗೊತ್ತಾಗುವುದು ಹೆಚ್ಚಾಗಿ ಅಲ್ಲೇ. ಅದು ತುರ್ತು ಬರುವ ಮೊದಲೇ ಗೊತ್ತಾದರೆ, ಹುಡುಕಾಟಕ್ಕೆ ಗಂಟೆಗಳ ಬದಲು ವರ್ಷಗಳ ಸಮಯ ಸಿಗುತ್ತದೆ.